ಸುಬ್ಬಯ್ಯಣ್ಣ ಕಂಡುಹಿಡಿದ ದೋಷಗಳು

ನನ್ನ ಅಣ್ಣ ಸುಬ್ಬಯ್ಯ ಶೆಟ್ಟಿಗೆ ದೇವರು ಕೊಟ್ಟ ವರ ಒಂದೇ. ಎಲ್ಲಿ ನೋಡಿದರೂ ಅವನಿಗೆ ದೋಷ ಕಾಣುತ್ತದೆ. ಸಾರಿನಲ್ಲಿ ಉಪ್ಪು, ಬಸ್ಸಿನಲ್ಲಿ ಡ್ರೈವರ್, ಮದುವೆಮನೆಯಲ್ಲಿ ವರ. ಶಾರ್ಜಾದಲ್ಲಿ ಇಪ್ಪತ್ತೆರಡು ವರ್ಷ ಕ್ಯಾಂಟೀನ್ ನಡೆಸಿ ಬಂಟ್ವಾಳಕ್ಕೆ ಮರಳುವಾಗ ಉಳಿದವರು ಬಂಗಾರ ತಂದರು, ಇವನು ಉರ್ದು ತಂದ. ವಯಸ್ಸು ಅರುವತ್ತೊಂದು, ಮದುವೆಯಿಲ್ಲ. ತೋರಿಸಿದ ಹುಡುಗಿಯರಲ್ಲೆಲ್ಲ ದೋಷ ಕಂಡಿತಂತೆ. ಹುಡುಗಿಯರಿಗೆ ಇವನಲ್ಲಿ ಏನು ಕಂಡಿತೋ, ಮರ್ಯಾದಸ್ಥರು, ಹೇಳಲಿಲ್ಲ.

ಇಂಥವನ ಕೈಯಲ್ಲಿ ನನ್ನ ಮಗಳ ಮದುವೆ ಸಿಕ್ಕಿಕೊಂಡಿತ್ತು. ನಮ್ಮಲ್ಲಿ ಹುಡುಗಿಯನ್ನು ಕೊಡುವ ಮಾತು ಆಡಬೇಕಾದವನು ಸೋದರಮಾವ. ನನ್ನ ಗಂಡ ಒಳ್ಳೆಯವರು, ಬಂದವರಿಗೆ ಕುರ್ಚಿ ಹಾಕುತ್ತಾರೆ. ಐದು ಸಂಬಂಧಗಳನ್ನು ಅಣ್ಣ ವಾಪಸು ಕಳಿಸಿದ. ಒಬ್ಬನ ನಗು ಸರಿಯಿಲ್ಲ, ಇನ್ನೊಬ್ಬ ಕಾಫಿ ಸೊರ್ರೆಂದು ಕುಡಿದ. ಆರನೆಯವನು ರೋಹಿತ್, ಬೆಳ್ತಂಗಡಿಯಲ್ಲಿ ಪಂಪ್ ರಿಪೇರಿಯ ಅಂಗಡಿ. ಅವನನ್ನು ನನ್ನ ಜ್ಯೋತ್ಸ್ನಾ ತಾನೇ ಮೆಚ್ಚಿಕೊಂಡಿದ್ದಳು.

"ಅಮ್ಮಾ, ಇವರನ್ನೂ ಮಾವ ಬೇಡ ಅಂದರೆ ನನಗೆ ಮದುವೆಯೇ ಬೇಡ" ಎಂದಿದ್ದಳು. ಹಟದಲ್ಲಿ ಅವಳು ನನ್ನದೇ ಮಗಳು, ಹೇಳಿದ್ದನ್ನು ಮಾಡುವವಳೇ.

ರೋಹಿತನ ಮನೆಯವರು ಮೂಡಬಿದ್ರೆಗೆ, ನಮ್ಮಲ್ಲಿಗೆ ಬರುವ ವಾರವೇ ಅಣ್ಣನ ಕ್ಯಾಂಟೀನಿನ ಹಳೆಯ ಪಾಲುದಾರ ಹಾಜಬ್ಬ ರಜೆಯಲ್ಲಿ ಬಂದು, ಅವನಿಗೊಂದು ಪೆನ್‌ಡ್ರೈವ್ ಕೊಟ್ಟುಹೋದರು. ಅದರಲ್ಲಿ ಪಾಕಿಸ್ತಾನದ ಒಂದು ಸಿನಿಮಾ. ಪ್ರೇಮ, ಹಾಸ್ಯ, ಮದುವೆಮನೆಯ ಗಲಾಟೆ. ಅಣ್ಣ ಅದನ್ನು ನಾಲ್ಕು ಸಲ ನೋಡಿದ. ಚೆನ್ನಾಗಿಲ್ಲ ಎಂದು ಖಚಿತಪಡಿಸಿಕೊಳ್ಳಬೇಕಲ್ಲ!

ಬಂದವರು ಕೂತರು. ಹುಡುಗನ ಕೆಲಸವೇನು, ಮನೆತನ ಯಾವುದು ಎಂದು ಕೇಳಬೇಕಾದ ಮಹಾನುಭಾವ ಆ ಸಿನಿಮಾದ ಮಾತು ಶುರುಮಾಡಿದ.

"ಒಳ್ಳೆಯದೂ ಉಂಟು, ಇಲ್ಲ ಅಂತ ಅಲ್ಲ. ಹೊಡೆದಾಟ ಇಲ್ಲ, ಯಾರೂ ಸಾಯುವುದಿಲ್ಲ. ಹುಡುಗಿಯ ಅಜ್ಜಿ ಬಾಯಿ ತೆಗೆದರೆ ನಗು ತಡೆಯಲಿಕ್ಕೆ ಆಗುವುದಿಲ್ಲ. ಆದರೆ ಆ ಹೀರೋ! ಎದುರಲ್ಲೇ ಕೂತ ಹುಡುಗಿಗೆ ಒಂದು ಮಾತು ಹೇಳಲಿಕ್ಕೆ ಎರಡು ಗಂಟೆ. ನಡುವೆ ಇಸ್ತಾಂಬುಲಿಗೆ ಹೋಗಿ ಒಂದು ಪದ್ಯ. ಯಾಕೆ ಮಾರಾಯ್ರೆ? ಲಾಹೋರಿನಲ್ಲಿ ಹಾಡಿದರೆ ಗಂಟಲು ಕಟ್ಟುತ್ತದಾ?"

"ಅದು ಹೌದು" ಎಂದ ರೋಹಿತ್. ಜಾಣ.

"ದೊಡ್ಡ ದೋಷ ಇನ್ನು ಕೇಳಿ. ಆ ಹುಡುಗ, ಹುಡುಗಿ ಅಕ್ಕತಂಗಿಯರ ಮಕ್ಕಳು! ಒಂದೇ ಬರಿ! ಅಣ್ಣತಂಗಿಗೆ ಮದುವೆ ಮಾಡಿಸಿದ್ದಾರೆ, ಥತ್!"

ಬರಿ ಎಂದರೆ ನಮ್ಮಲ್ಲಿ ತಾಯಿಯ ಕಡೆಯಿಂದ ಬರುವ ಕುಲ. ಒಂದೇ ಬರಿಯವರು ಎಷ್ಟು ದೂರದವರಾದರೂ ಒಡಹುಟ್ಟಿದವರಂತೆ, ಮದುವೆ ಕೂಡದು. ಲಾಹೋರಿನವರಿಗೆ ಅವರದೇ ಪದ್ಧತಿ ಇರುತ್ತದೆ ಎಂದರೆ ಅಣ್ಣ ಕೇಳಬೇಕಲ್ಲ.

ಒಂದೂವರೆ ಗಂಟೆ ರೋಹಿತ್ ತಲೆ ಆಡಿಸುತ್ತ ಕೇಳಿದ. ಅಣ್ಣನಿಗೆ ಜನ್ಮದಲ್ಲಿ ಅಂಥ ಶ್ರೋತೃ ಸಿಕ್ಕಿರಲಿಲ್ಲ. "ಹುಡುಗ ತಿಳಿವಳಿಕೆಯವ. ಮಾಡುವ" ಎಂದುಬಿಟ್ಟ! ಅವನು ಮನಸ್ಸು ಬದಲಿಸುವ ಮೊದಲೇ ನಾನು ಓಡಿಹೋಗಿ ವೀಳ್ಯದ ತಟ್ಟೆ ತಂದೆ. ಅಲ್ಲೇ ನಿಶ್ಚಯವೂ ಆಯಿತು.

ಹದಿನೈದು ದಿನ ಕಳೆದು ಹುಡುಗನ ತಾಯಿ ನೀಲಾವತಿ ಫೋನ್ ಮಾಡಿದರು. ಆಮಂತ್ರಣ, ಸೀರೆ ಎಂದೆಲ್ಲ ಮಾತಾಡಿ, "ಅಂದ ಹಾಗೆ ನಿಮ್ಮ ಬರಿ ಯಾವುದು?" ಎಂದರು. ಹೇಳಿದೆ.

"ಶಶಿಪ್ರಭಕ್ಕ, ನಮ್ಮದೂ ಅದೇ. ನಿಮ್ಮ ಅಣ್ಣ ವಿಚಾರಿಸಿರುತ್ತಾರೆ ಅಂತ ನಾವು ಸುಮ್ಮನಿದ್ದೆವು."

ನಾನೂ ಹಾಗೇ ಸುಮ್ಮನಿದ್ದೆ. ಲಾಹೋರಿನ ಬರಿ ಹುಡುಕಿದವನು ಬೆಳ್ತಂಗಡಿಯದನ್ನು ಬಿಡುತ್ತಾನೆಯೇ ಎಂಬ ಧೈರ್ಯ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಜ್ಯೋತ್ಸ್ನಾ ಅಳಲಿಲ್ಲ. ಎರಡು ದಿನ ಊಟ ಬಿಟ್ಟು ಕೂತಳು. ಅಣ್ಣನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ.

ಅವನು ಬಂದ. ಕಾಫಿ ಕೊಟ್ಟೆ, ದೋಷ ಹೇಳದೆ ಕುಡಿದ. ಜ್ಯೋತ್ಸ್ನಾ ಎದುರಿಗೆ ಬಂದು ಕೂತಳು.

"ಮಾವ, ಆ ಸಿನಿಮಾದಲ್ಲಿ ಅವರಿಬ್ಬರಿಗೆ ಮದುವೆ ಆಗುವಾಗ ನಿಮಗೆ ಬೇಸರ ಆಯ್ತಾ?"

ಅಣ್ಣ ಲೋಟ ಕೆಳಗಿಟ್ಟ.

"ಇಲ್ಲ ಮಗಾ. ನಾಲ್ಕು ಸಲವೂ ಖುಷಿಯೇ ಆಯ್ತು."

ಹಾಗೆಂದವನೇ ನನ್ನ ಫೋನ್ ತೆಗೆದುಕೊಂಡು ಬೆಳ್ತಂಗಡಿಗೆ ಮಾಡಿದ.

"ನೀಲಾವತಿಯಕ್ಕ, ಬರಿ ಒಂದೇ ಅಂತ ಗೊತ್ತಾಯ್ತು. ನನಗೆ ಒಪ್ಪಿಗೆ ಉಂಟು. ನೀವೂ ಒಪ್ಪಿದರೆ ಮದುವೆ ಮಾಡುವ."

"ಊರವರು ಕೇಳಿದರೆ ಎಂತ ಹೇಳುವುದು ಸುಬ್ಬಯ್ಯಣ್ಣ?"

"ತಪ್ಪು ಸುಬ್ಬಯ್ಯನದ್ದು ಅಂತ ಹೇಳಿ. ಕೇಳಬೇಕಾದವ ನಾನು, ಕೇಳಲಿಲ್ಲ. ಮದುವೆ ದಿನ ಕಲ್ಯಾಣ ಮಂಟಪದ ಬಾಗಿಲಲ್ಲಿ ನಿಂತು ನಾನೇ ಹೇಳ್ತೇನೆ."

ಅವರು ಮಗನನ್ನು ಕೇಳಿಕೊಂಡು, ಸಂಜೆಯೊಳಗೆ ಹೂಂ ಎಂದರು.

ಮದುವೆಯ ದಿನ ಅಣ್ಣ ಬಾಗಿಲಲ್ಲಿ ನಿಂತ. ಮೂಗು ಮುರಿದವರು ಇದ್ದರು, ಊಟ ಮಾಡದೆ ಹೋದವರೂ ಇಬ್ಬರಿದ್ದರು. ಒಬ್ಬೊಬ್ಬರಿಗೂ ಕೈಮುಗಿದು, "ನನ್ನದು ತಪ್ಪು, ಮಕ್ಕಳದ್ದಲ್ಲ" ಎಂದ. ನಾನು ಹುಟ್ಟಿದ ಮೇಲೆ ಅವನ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ಅಡುಗೆಯವರ ಕಡೆ ಹೋಗಿ ನಾನು ಮನಸಾರೆ ಅತ್ತುಬಿಟ್ಟೆ.