ನದಿ ದಾಟಿ ನಡುಗಿದ ಅಂಕಿ

ವತಾಯಿ ಸುಮಿಯೆಯ ಕೈ ನಡುಗುತ್ತದೆ ಎಂದು ಊರೆಲ್ಲ ನಂಬಿದೆ. ಆ ಕೈ ಒಂದು ದಿನವೂ ನಡುಗಿದ್ದಿಲ್ಲ. ಹೇಳಿ ಉಪಯೋಗವಿಲ್ಲ, ಆದರೂ ಹೇಳಬೇಕು.

ಫುಜಿ ನದಿಯ ಪಡುವಣ ದಂಡೆಯ ಕಾರ್ಖಾನೆಯಲ್ಲಿ ಆಕೆ ಮೂವತ್ತೊಂದು ವರ್ಷ ತಪಾಸಣೆಯ ಮೇಜಿನಲ್ಲಿ ಕೂತವಳು. ಉಗುರಿನಷ್ಟು ಸಣ್ಣ ಬಿಡಿಭಾಗದ ಎರಡು ಕಾಲಿಗೆ ಮೀಟರಿನ ಎರಡು ಸೂಜಿ ಮುಟ್ಟಿಸಬೇಕು, ಅಂಕಿ ನಿಂತ ಮೇಲೆ ಓದಬೇಕು, ಚೀಟಿಯ ಮೇಲೆ ತನ್ನ ಹೆಸರಿನ ಕೆಂಪು ಮುದ್ರೆ ಒತ್ತಬೇಕು. ಆ ಮುದ್ರೆಯಿದ್ದ ಪೆಟ್ಟಿಗೆಯನ್ನು ಗಿರಾಕಿಗಳು ಬಿಚ್ಚಿ ನೋಡುತ್ತಲೇ ಇರಲಿಲ್ಲ. ಈ ವಸಂತದಲ್ಲಿ ಆ ಕಾರ್ಖಾನೆ ಮುಚ್ಚಿತು. ನಾಲ್ಕು ಮೀಟರು, ಒಂದು ಗೋಡೆ ಗಡಿಯಾರ, ಜೊತೆಗೆ ಸುಮಿಯೆ, ಇಷ್ಟನ್ನು ನದಿ ದಾಟಿಸಿ ಮೂಡಣ ದಂಡೆಯ ಕಾರ್ಖಾನೆಗೆ ಸೇರಿಸಿದರು. ರೈಲಿನಲ್ಲಿ ಇಪ್ಪತ್ತು ನಿಮಿಷದ ದಾರಿ.

ಮೊದಲ ದಿನದಿಂದಲೇ ಅಂಕಿ ನಿಲ್ಲಲಿಲ್ಲ. ಕೊನೆಯ ಎರಡು ಸ್ಥಾನ ಏರುವುದು, ಇಳಿಯುವುದು, ಮತ್ತೆ ಏರುವುದು.

"ವತಾಯಿ ಸಾನ್, ಕೈ ನಡುಗ್ತಿದೆಯೇನ್ರಿ?" ಎಂದ ವಿಭಾಗದ ಮುಖ್ಯಸ್ಥ ಇನಗಾಕಿ, ಭುಜದ ಮೇಲಿಂದ ಬಗ್ಗಿ ನೋಡಿ.

"ಮೀಟರಲ್ಲೇ ಏನೋ ಇದೆ ಅನ್ಸುತ್ತೆ ಸರ್."

"ಕುಣಿಯಲಾರದವಳಿಗೆ ನೆಲ ಡೊಂಕಂತೆ!"

ಪಕ್ಕದ ಮೇಜಿನವರು ನಕ್ಕರು. ಸುಮಿಯೆಯೂ ನಕ್ಕಳು. ಆದರೆ ಅವಳ ತಾಯಿ ನಡುಕದ ಕಾಯಿಲೆಯಿಂದ ಸತ್ತವಳು. ಕಡೆಯ ಮೂರು ವರ್ಷ ಅನ್ನದ ಬಟ್ಟಲು ಹಿಡಿಯಲಾಗದೆ ಮಗಳ ಕೈಯಿಂದಲೇ ಉಂಡಿದ್ದಳು. ಅಂದು ಸುಮಿಯೆ ಮನೆಗೆ ಹೋಗಿ ಬಟ್ಟಲಿಗೆ ಅಂಚಿನವರೆಗೂ ಮಿಸೊ ಸಾರು ತುಂಬಿ ಎತ್ತಿ ಹಿಡಿದಳು. ಒಂದು ಹನಿ ತುಳುಕಲಿಲ್ಲ. ಮರುದಿನ ಅಂಕಿ ಮತ್ತೆ ಕುಣಿಯಿತು. ಕಣ್ಣಿಗೆ ಕಾಣದ ನಡುಕವಿರಬೇಕು ಎಂದುಕೊಂಡಳು. ಬಟ್ಟಲಿಗಿಂತ ಮೀಟರನ್ನೇ ನಂಬಿ ಬದುಕಿದವಳು, ಪಾಪ.

ಇನಗಾಕಿಗೆ ಒಂದು ಉಪಾಯ ಹೊಳೆಯಿತು. ಪ್ರತಿ ಸಲ ಅಳೆಯುವಾಗ ಮೀಟರು ಒಂದಿಷ್ಟು ಹೊತ್ತು ಕಣ್ಣು ತೆರೆದಿರುತ್ತದೆ. ತೆರೆದಿರುವ ಹೊತ್ತು ಕಡಿಮೆಯಾದಷ್ಟೂ ಸೆಕೆಂಡಿಗೆ ಹೆಚ್ಚು ಸಲ ಅಳೆಯಬಹುದು.

"ಚೂರೇ ಚೂರು ಹೊತ್ತು ನೋಡ್ಲಿ, ಆದ್ರೆ ನೂರಾರು ಸಲ ನೋಡ್ಲಿ. ನಿಮ್ಮ ನಡುಕ ಅದಕ್ಕೆ ಸಿಗೋದೇ ಇಲ್ಲ."

ಹಾಗೆ ಹೊಂದಿಸಿದ್ದೇ ಅಂಕಿ ಹುಚ್ಚೆದ್ದು ಕುಣಿಯಿತು. ನಲವತ್ತು ಪೆಟ್ಟಿಗೆ ಒಳ್ಳೆಯ ಮಾಲು ಕೆಟ್ಟದ್ದೆಂದು ಮೂಲೆ ಸೇರಿತು, ಗಿರಾಕಿ ರೇಗಿದ. ಅವನಿಗೆ ಕಳಿಸುವ ವರದಿಯಲ್ಲಿ ಕಾರಣ ಒಂದೇ ಸಾಲು: ತಪಾಸಕಿಯ ಕೈನಡುಕ. "ಇಲ್ಲೊಂದು ಮುದ್ರೆ ಒತ್ತಿಬಿಡಿ" ಎಂದ ಇನಗಾಕಿ. ಒತ್ತಿದಳು. ಮರುದಿನ ರಾಜೀನಾಮೆಯನ್ನೂ ಕೊಟ್ಟಳು, 'ಸ್ವಂತ ಕಾರಣಗಳಿಂದ' ಎಂದು, ಎಲ್ಲರೂ ಬರೆಯುವ ಹಾಗೆ. ಅಮ್ಮನಂತೆ ಹತ್ತು ಜನರೆದುರು ಮೈಮೇಲೆ ಅನ್ನ ಸಾರು ಚೆಲ್ಲಿಕೊಳ್ಳುವ ಮುಂಚೆಯೇ ಎದ್ದು ಹೋಗುವುದು ಲೇಸು ಅನ್ನಿಸಿತ್ತು.

ಕೊನೆಯ ದಿನ ಮಧ್ಯಾಹ್ನ ಉಗ್ರಾಣದಲ್ಲಿ ಹಳೆಯ ಗೋಡೆ ಗಡಿಯಾರ ಕಂಡಿತು. "ಅದಕ್ಕೂ ವಯಸ್ಸಾಯ್ತು, ಹಿಂದೆ ಬೀಳ್ತಿತ್ತು. ಬೇಕಾದ್ರೆ ಒಯ್ಯಿರಿ" ಎಂದರು ಉಗ್ರಾಣದವರು. ಸುಮಿಯೆ ಅದರ ಪ್ಲಗ್ ಚುಚ್ಚಿ, ಕೈಗಡಿಯಾರ ನೋಡಿ ಹೊಂದಿಸಿದಳು. ಅದರೆದುರು ಕೂತು ಅನ್ನದುಂಡೆ ತಿಂದು ಸಾಮಾನು ಕಟ್ಟುವಷ್ಟರಲ್ಲಿ ಒಂದು ಗಂಟೆ ಕಳೆದಿತ್ತು. ಗೋಡೆ ಗಡಿಯಾರ ಸರಿಯಾಗಿ ಹತ್ತು ನಿಮಿಷ ಹಿಂದಿತ್ತು. ಮುದಿಯಾದ ಗಡಿಯಾರ ಇಷ್ಟು ಲೆಕ್ಕಾಚಾರವಾಗಿ ಹಿಂದೆ ಬೀಳುವುದಿಲ್ಲ.

ನದಿಯ ಪಡುವಣಕ್ಕೆ ಕರೆಂಟಿನ ಅಲೆ ಸೆಕೆಂಡಿಗೆ ಅರವತ್ತು, ಮೂಡಣಕ್ಕೆ ಐವತ್ತು. ಆ ಹಳೆಯ ಗಡಿಯಾರ ಅಲೆಗಳನ್ನು ಎಣಿಸಿಕೊಂಡೇ ನಡೆಯುವಂಥದ್ದು, ಅರವತ್ತು ಎಣಿಸಬೇಕಾದಲ್ಲಿ ಅದಕ್ಕೆ ಇಲ್ಲಿ ಐವತ್ತೇ ಸಿಗುತ್ತಿತ್ತು. ಮದುವೆಯಾಗಿ ನದಿ ದಾಟುವ ಹೆಣ್ಣಿಗೆ ವಾಷಿಂಗ್ ಮೆಷಿನ್ ಕೊಡುವಾಗ ಹಿಂದೆ ಅಜ್ಜಿಯರು ಕೂಡ ಇದನ್ನು ವಿಚಾರಿಸುತ್ತಿದ್ದರು. ಈಗಿನ ಸಾಮಾನು ಎರಡು ಕಡೆಯೂ ನಡೆಯುತ್ತದೆ, ಹಾಗಾಗಿ ಎಲ್ಲರೂ ಮರೆತಿದ್ದರು. ಈ ಅಲೆ ಅಳತೆಯೊಳಗೂ ನುಸುಳುತ್ತದೆ; ಮೀಟರಿನ ಕಣ್ಣು ಒಂದು ಇಡೀ ಅಲೆ ಮುಗಿಯುವವರೆಗೆ ತೆರೆದಿದ್ದರೆ, ಅಲೆ ಏರಿದ್ದಕ್ಕೂ ಇಳಿದದ್ದಕ್ಕೂ ಸರಿಹೋಗಿ ಅಂಕಿ ನಿಲ್ಲುತ್ತದೆ. ಪಡುವಣದ ಅಲೆಗೆ ಹೊಂದಿಸಿದ ಕಣ್ಣು ಇಲ್ಲಿ ಅಲೆ ಮುಗಿಯುವ ಮೊದಲೇ ಮುಚ್ಚುತ್ತಿತ್ತು. ಇನಗಾಕಿ ಅದನ್ನು ಇನ್ನೂ ಬೇಗ ಮುಚ್ಚಿಸಿದ್ದ.

ಅವಳು ಮೇಜಿಗೆ ಓಡಿದಳು. ಮೀಟರಿನಲ್ಲಿ ಅರವತ್ತನ್ನು ಐವತ್ತು ಮಾಡಿ, ಒಂದು ಇಡೀ ಅಲೆಯಷ್ಟು ಹೊತ್ತು ಕಣ್ಣು ತೆರೆದಿರುವಂತೆ ಹೊಂದಿಸಿ ಸೂಜಿ ಮುಟ್ಟಿಸಿದಳು. ಅಂಕಿ ಕಲ್ಲಿನಂತೆ ನಿಂತಿತು. ಅವಳ ಕಣ್ಣಲ್ಲಿ ನೀರು ಬಂತು.

ಕರೆದ ಕೂಡಲೇ ಬಂದ ಇನಗಾಕಿ ತಾನೇ ಸೂಜಿ ಮುಟ್ಟಿಸಿ ನೋಡಿದ. ಆಮೇಲೆ ಸೊಂಟ ಬಾಗಿಸಿ ವಂದಿಸಿದ.

"ದೊಡ್ಡ ಉಪಕಾರವಾಯ್ತು. ನಾಲ್ಕೂ ಮೀಟರಿಗೆ ಹೀಗೇ ಮಾಡಿಸ್ತೀನಿ."

"ಹಾಗಾದ್ರೆ ಆ ವರದಿ ಸರ್? ನನ್ನ ಕೈ..."

"ಗಿರಾಕಿ ಒಪ್ಕೊಂಡಾಗಿದೆ, ವತಾಯಿ ಸಾನ್. ಈಗ ಕಾರಣ ಬದಲಾಯ್ತು ಅಂದ್ರೆ, ಮೀಟರ್ ತಂದಾಗ ಯಾಕೆ ನೋಡ್ಲಿಲ್ಲ ಅಂತ ಇಲ್ಲಿ ಹತ್ತು ಜನರ ತಲೆ ಹೋಗುತ್ತೆ. ನೀವಂತೂ ಹೋಗ್ತಿದ್ದೀರಿ. ಮುದ್ರೇನೂ ನಿಮ್ಮದೇ ಇದೆ."

ನೆಲ ಡೊಂಕೆಂದು ಸಾಬೀತಾದ ಮೇಲೂ ಕುಣಿಯಲಾರದವಳು ಅವಳೇ ಆದಳು. ಇಂಥ ನ್ಯಾಯಕ್ಕೆ ಬೆಂಕಿ ಹಾಕಬೇಕು.

ಪಡುವಣ ದಂಡೆಯ ತನ್ನ ಮನೆಯ ಗೋಡೆಯಲ್ಲಿ ತೂಗುಹಾಕಿದ ಮೇಲೆ ಗಡಿಯಾರ ಒಂದು ನಿಮಿಷವೂ ತಪ್ಪಲಿಲ್ಲ. ವಾರದ ನಂತರ ಪಕ್ಕದ ಮನೆಯ ಕಿನುಯೊ ಮೂಲಂಗಿ ಉಪ್ಪಿನಕಾಯಿ ತಂದಳು. ಅವಳ ಅಳಿಯ ಅದೇ ಕಾರ್ಖಾನೆಯ ಲಾರಿ ಓಡಿಸುತ್ತಾನೆ. ಸುಮಿಯೆ ಚಹಾ ಬಗ್ಗಿಸಲು ಕೆಟಲ್ ಎತ್ತಿದಳು. ಕಿನುಯೊ ಧಡಕ್ಕನೆ ಎದ್ದು ಅದನ್ನು ಹಿಡಿದುಕೊಂಡಳು.

"ಬಿಡಿ, ಬಿಡಿ, ನಾನು ಹಾಕ್ತೀನಿ. ಅಳಿಯ ಎಲ್ಲ ಹೇಳಿದ. ನಿಮ್ಮಮ್ಮಂಗೂ ಹೀಗೇ ಅಲ್ವಾ ಶುರುವಾಗಿದ್ದು?"

"ಇಲ್ಲ ಕಿನುಯೊ ಸಾನ್, ಕೈ ಅಲ್ಲ, ಅದು ಮೀಟರಿಂದು..."

"ಅಮ್ಮನೂ ಹಾಗೇ ಅಂತಿದ್ರು. ಕೈ ಅಲ್ಲ, ಬಟ್ಟಲೇ ಜಾರುತ್ತೆ ಅಂತ."

ಸುಮಿಯೆ ಕೆಟಲಿನ ಹಿಡಿ ಬಿಟ್ಟಳು.