ಪಟ್ಟಿಯಲ್ಲಿಲ್ಲದ ಬಡಿತ

ಬೈಂದೂರಿನಿಂದ ಕುಂದಾಪುರಕ್ಕೆ ಬರುವ ಬಸ್ಸಿನಲ್ಲಿ ಮೊನ್ನೆ ಯಾರದೋ ಚೀಲದಿಂದ ಒಣಮೀನಿನ ವಾಸನೆ ಬಂತು. ಪಕ್ಕದ ಸೀಟಿನವರು ಮೂಗು ಮುಚ್ಚಿಕೊಂಡರು. ನನಗೆ ನೆನಪಾದದ್ದು ಒಂದು ಆಸ್ಪತ್ರೆಯ ವಾರ್ಡು, ಅದರ ಕೊನೆಯ ಹಾಸಿಗೆ, ತ್ರಾಸಿಯ ಒಬ್ಬ ಅಮ್ಮ...

ಅವರು ಒಣಮೀನು ಮಾರುತ್ತಿದ್ದರು. ಹೃದಯದ ಒಂದು ಕವಾಟ ಕಿರಿದಾಗಿತ್ತು. ಎಡಮಗ್ಗುಲಿಗೆ ಮಲಗಿಸಿ ಸ್ಟೆತಸ್ಕೋಪ್ ಇಟ್ಟರೆ ದೂರದ ಗುಡುಗಿನಂಥ ಸದ್ದು ಕೇಳುತ್ತಿತ್ತು. ಎಂ.ಡಿ. ಪರೀಕ್ಷೆಗೆ ನಿಜವಾದ ರೋಗಿಗಳೇ ಬೇಕು. ಹಾಗಾಗಿ ನಮ್ಮ ಕಾಲೇಜಿನವರು ಪ್ರತಿ ಪರೀಕ್ಷೆಗೂ ಕಾರ್ಡು ಬರೆದು ಅವರನ್ನು ಕರೆಸುತ್ತಿದ್ದರು. ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ವಾರ್ಡಿನಲ್ಲಿ ಅವರಿಗೆ ‘ಪರೀಕ್ಷೆ ಅಮ್ಮ’ ಎಂದೇ ಹೆಸರು.

ಆ ಪರೀಕ್ಷೆಯಲ್ಲಿ ಬರವಣಿಗೆಗೂ ರೋಗಿಯನ್ನು ನೋಡಿ ಹೇಳುವುದಕ್ಕೂ ಪ್ರತ್ಯೇಕವಾಗಿ ಅರ್ಧದಷ್ಟು ಅಂಕ ಬರಬೇಕು. ಒಂದರಲ್ಲಿ ಹೆಚ್ಚು ಬಂದರೆ ಇನ್ನೊಂದರ ಕೊರತೆ ತುಂಬುವುದಿಲ್ಲ. ರೋಗಿಯ ಮುಂದೆ ಆ ಅರ್ಧ ಎಂದರೆ ಎಷ್ಟು ಎಂಬುದನ್ನು ನಾಲ್ವರು ಪರೀಕ್ಷಕರು ಬೆಳಿಗ್ಗೆ ಕೂತು ತೀರ್ಮಾನಿಸುತ್ತಿದ್ದರು. ಈ ರೋಗಿಯಲ್ಲಿ ಇಷ್ಟು ಸಂಗತಿ ಹಿಡಿದರೆ ಪಾಸು ಎಂದು ಪ್ರತಿ ರೋಗಿಗೂ ಒಂದು ಪಟ್ಟಿ ಇರುತ್ತಿತ್ತು. ಮೊದಲ ಸಲ ನಾನು ಮೂರು ಅಂಕಕ್ಕೆ ಬಿದ್ದಿದ್ದೆ. ತೊಂಬತ್ತೆಂಟರಲ್ಲಿ ಎರಡನೇ ಸಲ ಕೂತಾಗ ನನ್ನ ಪಾಲಿಗೆ ಬಂದವರು ಅವರು.

ಪರದೆ ಎಳೆದು ಅವರ ಪಕ್ಕ ನಿಂತೆ. ಸ್ಟೆತಸ್ಕೋಪನ್ನು ಕಿವಿಗೆ ಎರಡು ಸಲ ಹಾಕಿ ತೆಗೆದೆ.

“ಎಂತ ಮಗಾ, ಊರ್ ಯಾವ್ದ್?” ಎಂದರು.

“ಕುಂದಾಪ್ರ.”

“ಹಂಗಾರೆ ನಮ್ಮವ್ನೇ. ಹೆದ್ರ್‌ಬೇಡ ಮಾರಾಯ. ಹೋದ್ಸಲ ಒಂದ್ ಹೆಣ್ಣ್ ಕಣ್ಣೀರ್ ಹಾಯ್ಕಂಡ್ ಮರ್ಕಂಡೇ ಹೋಯ್ತ್ ಕಾಣ್. ಇಷ್ಟ್ ಜನ ಡಾಕ್ಟ್ರನ್ನ ಪಾಸ್ ಮಾಡ್ಸಿದ್ದೆ, ನಂಗೇ ಒಂದ್ ಡಿಗ್ರಿ ಕೊಡ್ಲಿಲ್ಲ!” ನಕ್ಕರು. ಆಮೇಲೆ ತಾವೇ ಎಡಕ್ಕೆ ಹೊರಳಿ, ಸ್ಟೆತಸ್ಕೋಪ್ ಎಲ್ಲಿ ಇಡಬೇಕೆಂದು ಬೆರಳಿಟ್ಟು ತೋರಿಸಿದರು.

ಸದ್ದು ಕೇಳಿತು. ನಾಡಿ ಹಿಡಿದೆ. ಬಡಿತ ಸಮವಾಗಿರಲಿಲ್ಲ. ಒಂದು ಬೇಗ, ಒಂದು ತಡ, ಮತ್ತೆರಡು ಒಟ್ಟಿಗೆ... ಅವರ ಮುಖ ನೋಡಿದೆ.

“ಈಗೀಗ ಎದಿಯೊಳ್ಗ್ ಕೋಳಿಮರಿ ಪಟಪಟ ಬಡ್ದಂಗ್ ಆತ್ತ್,” ಎಂದು ದನಿ ತಗ್ಗಿಸಿದರು. “ಅದನ್ನ್ ನೀ ಹೇಳ್‌ಬೇಡ. ಅದ್ ಅವ್ರ್ ಪಟ್ಟಿಯೊಳ್ಗ್ ಇಲ್ಲ.”

ನನ್ನನ್ನು ಕಾಪಾಡಲೆಂದೇ ಅವರು ಹೇಳಿದ್ದು. ಅದರಲ್ಲಿ ನನಗೆ ಇಂದಿಗೂ ಅನುಮಾನವಿಲ್ಲ. ಅಂಥ ಬಡಿತದಿಂದ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ಹೋಗಬಹುದೆಂದು ನಾನು ಓದಿದ್ದೆ. ಅದಕ್ಕೆ ಮಾತ್ರೆ ಇದೆಯೆಂದೂ ಓದಿದ್ದೆ. ಹೊರಗಿನ ಕಾಲೇಜಿನಿಂದ ಬಂದಿದ್ದ ಪರೀಕ್ಷಕರು ಕಾಗದ ನೋಡುತ್ತಾ “ನಾಡಿ ಹೇಗಿದೆ?” ಎಂದು ಕೇಳಿದರು. “ಸಮವಾಗಿದೆ ಸರ್” ಎಂದೆ. ಅವರು ಒಂದು ಗುರುತು ಹಾಕಿದರು. ಅಮ್ಮ ಹಾಸಿಗೆಯಿಂದಲೇ ಕಣ್ಣು ಮಿಟುಕಿಸಿದರು.

ಪರೀಕ್ಷೆ ಮುಗಿದ ಮೇಲಾದರೂ ಯಾರಿಗಾದರೂ ಹೇಳಬಹುದಿತ್ತು. ಫಲಿತಾಂಶ ಬರಲಿ ಎಂದು ಸುಮ್ಮನಾದೆ. ಸರಿಯಾಗಿ ಅರ್ಧ ಅಂಕ ಬಂದಿತ್ತು; ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಆ ಸಂತೋಷದಲ್ಲಿ ಮರೆತೆ.

ಮುಂದಿನ ಪರೀಕ್ಷೆಗೆ ಅವರು ಬರಲಿಲ್ಲ. ಕಾರ್ಡಿಗೆ ಉತ್ತರವೂ ಇಲ್ಲ. ಅಷ್ಟರಲ್ಲಿ ನಾನು ಕುಂದಾಪುರದಲ್ಲಿ ಕೆಲಸಕ್ಕೆ ಸೇರಿದ್ದೆ. ಬ್ರಹ್ಮಾವರ ಕಡೆಯವರಾದ ನಮ್ಮ ಪ್ರೊಫೆಸರರು ಫೋನ್ ಮಾಡಿ, ಒಮ್ಮೆ ಹೋಗಿ ಕಂಡು ಬಾ ಎಂದರು. ತ್ರಾಸಿಯಲ್ಲಿ ಹೆದ್ದಾರಿಯಿಂದ ಇಳಿದು ಮನೆ ಕೇಳಿಕೊಂಡು ಹೋದೆ. ಅವರ ಮಗಳು ಜಗುಲಿಯಲ್ಲಿ ಬಟ್ಟೆ ಮಡಚುತ್ತಿದ್ದರು.

“ಪರೀಕ್ಷೆಗ್ ಕರೂಕ್ ಬಂದದ್ದಾ? ಇನ್ನ್ ಆತಿಲ್ಲೆ ಡಾಕ್ಟ್ರೇ. ಬಲಬದಿ ಪೂರ್ತಿ ಬಿದ್ದ್ ಹೋಯ್ತ್. ಮಾತ್ ಇಲ್ಲ.”

ಒಳಗೆ ಚಾಪೆಯ ಮೇಲೆ ಮಲಗಿದ್ದರು. ನನ್ನ ಗುರುತು ಸಿಕ್ಕಿರಬೇಕು, ಎಡಗೈ ಮುಂದೆ ಚಾಚಿದರು. ನಾಡಿ ಹಿಡಿದೆ. ಒಂದು ಬೇಗ, ಒಂದು ತಡ... ಅವರು ಎಡಮಗ್ಗುಲಿಗೆ ಹೊರಳಲು ಪ್ರಯತ್ನಿಸಿದರು. ಪರೀಕ್ಷೆಯೆಂದೇ ತಿಳಿದಿದ್ದರೋ ಏನೋ. ಬೇಡ ಎಂದು ಭುಜ ಹಿಡಿದೆ.

ವಾರದ ನಂತರ ಪ್ರೊಫೆಸರರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅಂದಿನ ನಾಲ್ವರು ಪರೀಕ್ಷಕರಲ್ಲಿ ಅವರೂ ಒಬ್ಬರು.

“ಅವತ್ತ್ ನಾವ್ ನಾಲ್ಕ್ ಜನವೂ ಅವ್ರ್ ಕೈ ಮುಟ್ಲಿಲ್ಲ ಮಾರಾಯ. ಗೊತ್ತಿದ್ದ್ ಕೇಸಲ್ದಾ ಅಂದೇಳಿ ಹೋದ್ಸಲದ ಪಟ್ಟಿಗೇ ಸೈನ್ ಹಾಕದ್ದ್.”

“ನಾನ್ ಹೇಳಿರೆ?”

“ಅದಕ್ಕೆ ಅಂಕ ಇರ್ಲಿಲ್ಲ. ಇಲ್ಲದ್ದ್ ಹೇಳ್ದೆ ಅಂದ್ ಕಳೀತಿದ್ರೋ ಏನೋ...” ಎಂದರು. ಕಳೆದಿದ್ದರೆ ನಾನು ಮತ್ತೊಮ್ಮೆ ಬೀಳುತ್ತಿದ್ದೆ. ಆದರೆ ಯಾರಾದರೂ ಒಬ್ಬರು ಅಮ್ಮನ ಕೈ ಹಿಡಿದು ನೋಡುತ್ತಿದ್ದರು.

ಅಮ್ಮ ಎರಡು ವರ್ಷ ಹಾಗೆಯೇ ಇದ್ದು ತೀರಿಕೊಂಡರು. ನನಗೆ ತಿಳಿದದ್ದು ತಡವಾಗಿ.

ಮುಂದೆ ನಾನೂ ಪಾಠ ಹೇಳುವವನಾದೆ, ಪರೀಕ್ಷಕನಾದೆ. ಈ ಸಲದ ಪರೀಕ್ಷೆಯಲ್ಲಿ ಒಬ್ಬ ಹುಡುಗಿ ರೋಗಿಯ ಬಗ್ಗೆ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿ, ಸ್ವಲ್ಪ ತಡೆದು, “ನಾಡಿ ಸಮವಾಗಿಲ್ಲ ಅನಿಸ್ತದೆ ಸರ್” ಎಂದಳು. ಪಟ್ಟಿಯಲ್ಲಿ ಅದಿರಲಿಲ್ಲ. ಜೊತೆಯ ಪರೀಕ್ಷಕರು ನನ್ನ ಮುಖ ನೋಡಿದರು. ನಾನು ಎದ್ದು ರೋಗಿಯ ಕೈ ಹಿಡಿದೆ. ಪೂರ್ತಿ ಒಂದು ನಿಮಿಷ ಎಣಿಸಿದೆ, ಆಮೇಲೆ ಇನ್ನೊಂದು ನಿಮಿಷ. ಬಡಿತ ಸಮವಾಗಿಯೇ ಇತ್ತು. ಹುಡುಗಿಯ ಮುಖ ಬಾಡಿತು.

“ಹೇಳಬಾರದಿತ್ತಾ ಸರ್?”

“ಹೇಳಬೇಕಿತ್ತು,” ಎಂದೆ.

ರೋಗಿ ತನ್ನ ಕೈಯನ್ನು ಮೆಲ್ಲನೆ ಬಿಡಿಸಿಕೊಂಡಾಗಲೇ ಗೊತ್ತಾದದ್ದು, ನಾನಿನ್ನೂ ಅದನ್ನು ಹಿಡಿದೇ ಇದ್ದೆನೆಂದು.