ಗಡಿಯಲ್ಲಿ ಕಡಿಮೆಯಾದ ಟೊಮೇಟೊ

ನನ್ನನ್ನು ಕಳ್ಳ ಎಂದು ಯಾರಾದರೂ ಅಂದುಕೊಳ್ಳಬಹುದು ಎಂಬುದೇ ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಇಪ್ಪತ್ತು ವರ್ಷ ಲಾರಿ ಓಡಿಸಿದ್ದೇನೆ. ಮುಂಗೋಪಿ ಅನ್ನಿ, ಬಾಯಿಬಡುಕ ಅನ್ನಿ, ಒಪ್ಪಿಕೊಳ್ಳುತ್ತೇನೆ. ಕಳ್ಳತನ ಮಾತ್ರ ನನ್ನ ಕೈಲಾಗದ ಕೆಲಸ.

ಆ ಬೇಸಿಗೆಯಲ್ಲಿ ನಮ್ಮಣ್ಣ ಕಾಮಸಮುದ್ರದ ಸುತ್ತಿನ ತೋಟಗಳ ಟೊಮೇಟೊವನ್ನೆಲ್ಲ ಒಟ್ಟುಮಾಡಿ, ಬಾಂಗ್ಲಾದೇಶಕ್ಕೆಂದು ನನ್ನ ಲಾರಿಗೆ ಹದಿನೈದು ಟನ್ ತುಂಬಿಸಿ, ಬಂಗಾರಪೇಟೆಯಲ್ಲಿ ತೂಕ ಹಾಕಿಸಿದ. ದಾರಿಯಲ್ಲಿ ಹಣ್ಣಾಗಲಿ ಎಂದು ಅರೆಗಾಯನ್ನೇ ಆರಿಸಿದ್ದ. ಗಡಿ ಮುಟ್ಟಲು ಮೂರು ದಿನ ಹಿಡಿಯಿತು. ಅಲ್ಲಿ ನೋಡಿದರೆ ಕಣ್ಣು ಹಾಯುವಷ್ಟು ದೂರ ಲಾರಿಗಳ ಸಾಲು! ಕಾಗದ ಸರಿಯಾಗಬೇಕು, ಮೊಹರು ಬೀಳಬೇಕು, ಗೇಟು ತೆಗೆಯಬೇಕು. ನಾಲ್ಕು ದಿನ ಅಲ್ಲೇ ಕೊಳೆತೆವು, ನಾನೂ ಟೊಮೇಟೊನೂ. ಕೆಳಗಿನ ಬಾಕ್ಸ್‌ಗಳು ಅಪ್ಪಚ್ಚಿಯಾಗಿ ರಸ ಟೈರಿನ ಮೇಲೆ ಸುರಿಯುತ್ತಿತ್ತು.

ಆಚೆ ದೇಶದಲ್ಲಿ ಲಾರಿ ತೂಗಿ ಚೀಟಿ ಕೊಟ್ಟರು. ಬಂಗಾರಪೇಟೆಯ ಚೀಟಿಗಿಂತ ಒಂದು ಟನ್ ಕಡಿಮೆ! ಕಾಗದಪತ್ರ ನೋಡಿಕೊಳ್ಳುವ ಏಜೆಂಟ್ ನಕ್ಕುಬಿಟ್ಟ. ಹೊರಟದ್ದನ್ನು ನಮ್ಮ ದೇಶ ಬರೆದುಕೊಳ್ಳುತ್ತದೆ, ಬಂದದ್ದನ್ನು ಅವರ ದೇಶ ಬರೆದುಕೊಳ್ಳುತ್ತದೆ, ಎರಡು ಸರ್ಕಾರಗಳ ಲೆಕ್ಕವೇ ಕೂಡಿಬರುವುದಿಲ್ಲ, ನಿನ್ನದೇನು ಮಹಾ ಎಂದು ಹಿಂದಿಯಲ್ಲಿ ಹೇಳಿದ. ಸರ್ಕಾರಗಳಿಗೇನು, ಊರಿಗೆ ಹೋಗಿ ಅಣ್ಣನ ಮುಖ ನೋಡಬೇಕಾಗಿಲ್ಲ.

ಊರಿಗೆ ಬಂದು ಎರಡೂ ಚೀಟಿ ಕೊಟ್ಟೆ. ಅಣ್ಣ ತಿರುಗಿಸಿ ತಿರುಗಿಸಿ ನೋಡಿದ.

"ನಿಜ ಏಳ್ಲಾ, ದಾರೀಲಿ ಎಲ್ಲಿ ಇಳಿಸ್ದೆ?"

ಒಂದೇ ತಟ್ಟೆಯಲ್ಲಿ ಉಂಡು ಬೆಳೆದವನು ಕೇಳುವ ಮಾತೇ ಇದು! ವಾರದೊಳಗೆ ಆಂಡರ್ಸನ್‌ಪೇಟೆಯ ಟೀ ಅಂಗಡಿಗೂ ಸುದ್ದಿ ಮುಟ್ಟಿತ್ತು. "ಬಾರ್ಡರ್‌ಲೆ ತಕ್ಕಾಳಿ ಕಿಲೋ ಎವ್ವಳವುಣ್ಣೇ?" ಎಂದು ಒಬ್ಬ ತಮಿಳಿನಲ್ಲಿ ಛೇಡಿಸಿದ, ಗಡಿಯಲ್ಲಿ ಟೊಮೇಟೊ ಕಿಲೋ ಎಷ್ಟಕ್ಕೆ ಹೋಯಿತು ಅಂತ. ಅರ್ಧ ಟೀ ಅಲ್ಲೇ ಬಿಟ್ಟು ಎದ್ದೆ.

ನೇರ ಮನೆಗೆ ಬಂದು ಅಣ್ಣನಿಗೆ ಹೇಳಿದೆ: "ಒಂದು ಬಾಕ್ಸ್ ನೀನೇ ತುಂಬ್ಸು, ನೀನೇ ತೂಕ ಆಕು. ಮೇಲೆ ಇನ್ನೆರಡು ಬಾಕ್ಸ್ ಏರ್ಸು. ಏಳು ದಿನ ಅಂಗಳದಾಗೆ ಬಿಸಿಲಿಗೆ ಇರ್ಲಿ. ಆಮೇಲೆ ಮಾತಾಡಾಣ."

ಅವನು ಹದಿನೈದು ಕೆಜಿ ತೂಗಿ ಇಟ್ಟ, ಮೇಲೆ ಎರಡು ಬಾಕ್ಸ್ ಏರಿಸಿ ಟಾರ್ಪಾಲು ಹೊದಿಸಿದ. ಎಂಟನೇ ದಿನ ಬೆಳಿಗ್ಗೆ ಅದೇ ತಕ್ಕಡಿಯ ಮೇಲೆ ಎತ್ತಿಟ್ಟ. ಒಂದು ಕೆಜಿಗೂ ಹೆಚ್ಚು ಇಳಿದಿತ್ತು. ನಂಬದೆ ಮೂರು ಸಲ ತೂಗಿದ. ನನಗೋ ಒಳಗೊಳಗೇ ಹಿಗ್ಗು. ಈಗ ತಪ್ಪಾಯಿತು ಅಂತಾನೆ ಎಂದು ಕಾಯುತ್ತಾ ನಿಂತೆ.

ಅಣ್ಣ ತಲೆ ಎತ್ತಿದ. ಮುಖದಲ್ಲಿ ಬರೀ ಬೆರಗು.

"ಅಲ್ಲ ಕಣ್ಲಾ, ಏಳು ರಾತ್ರೀನೂ ಇದರ ಪಕ್ಕದಾಗೇ ಮಲ್ಗಿದ್ದೆ. ನೀನು ಮುಟ್ಟೇ ಇಲ್ಲ!"

ಎಲ್ಲಿ ಇಳಿಸಿದೆ ಎಂದು ಕೇಳಿದ ದಿನವೂ ಅಷ್ಟು ನೋವಾಗಿರಲಿಲ್ಲ. ಸೆಕೆಗೆ ಹೊರಗೆ ಮಲಗುತ್ತಿದ್ದಾನೆ ಎಂದುಕೊಂಡು, ಆ ಏಳು ದಿನವೂ ಅವನ ತಲೆದೆಸೆಯಲ್ಲಿ ನೀರಿನ ಚೊಂಬು ಇಟ್ಟು ಬಂದವನು ನಾನು.